ಗಡಿ ದಾಟಿದ ಕೂಡಲೇ ಡೇಟಾ ದುಬಾರಿಯಾಗುವುದೇಕೆ?

ಅತ್ತಿಬೆಲೆ ದಾಟಿ ಹೊಸೂರು ಮುಟ್ಟಿದರೆ ಮೊಬೈಲಿಗೆ ರೋಮಿಂಗ್ ಬೀಳುತ್ತಿದ್ದ ಕಾಲ ಇನ್ನೂ ಬಹಳ ಜನಕ್ಕೆ ನೆನಪಿದೆ. ಕರೆ ಮಾಡಿದರೂ ದುಡ್ಡು, ಬಂದ ಕರೆ ಎತ್ತಿದರೂ ದುಡ್ಡು. ಮಂಗಳೂರಿನವರಿಗೆ ತಲಪಾಡಿ ದಾಟಿದರೆ, ನಿಪ್ಪಾಣಿಯವರಿಗೆ ಕಾಗಲ್ ಮುಟ್ಟಿದರೆ ಅದೇ ಪಾಡು. ಹೊಸೂರಿನ ಟವರೇನೂ ಬೆಂಗಳೂರಿನ ಟವರಿಗಿಂತ ದುಬಾರಿಯಾಗಿರಲಿಲ್ಲ. ಸರ್ಕಾರ ದೇಶವನ್ನು ಟೆಲಿಕಾಂ ಸರ್ಕಲ್‌ಗಳಾಗಿ ಹಂಚಿತ್ತು. ಗೆರೆಯ ಆಚೆಗೆ ಬೇರೆ ಲೈಸೆನ್ಸು, ಬೇರೆ ಲೆಕ್ಕ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ ಮೊದಲು 2013ರಲ್ಲಿ, ಮತ್ತೆ 2015ರಲ್ಲಿ ನಿಯಮ ಬದಲಿಸಿ ಹೊರೆ ಇಳಿಸಿತು. 2016ರ ಸೆಪ್ಟೆಂಬರಿನಲ್ಲಿ ಜಿಯೊ ಬಂದ ಮೇಲೆ ಉಳಿದ ಕಂಪನಿಗಳೂ ದೇಶದೊಳಗಿನ ರೋಮಿಂಗ್ ಶುಲ್ಕ ಕೈಬಿಟ್ಟವು. ಸರ್ಕಲ್‌ಗಳ ಗೆರೆ ಕಾಗದದ ಮೇಲೆ ಇವತ್ತಿಗೂ ಇದೆ. ಆ ಗೆರೆಗಾಗಿ ಕೊಡುತ್ತಿದ್ದ ದುಡ್ಡು ಮಾತ್ರ ಹೋಯಿತು.

ದೇಶದ ಗಡಿ ದಾಟುವಾಗ ನಡೆಯುವುದೂ ಇದೇ ಲೆಕ್ಕಾಚಾರ. ಪ್ಯಾರಿಸ್, ಸ್ವಿಟ್ಜರ್ಲೆಂಡ್, ರೋಮ್ ಎಂದು ಪ್ಯಾಕೇಜ್ ಟೂರ್ ಹೊರಟವರು ಮೊದಲು ಕೇಳುವುದು ಯಾವ ಕಂಪನಿಯ ಸಿಮ್ ಒಳ್ಳೆಯದು ಅಂತ. ಅದಕ್ಕಿಂತ ಉಪಯೋಗಕ್ಕೆ ಬರುವ ಪ್ರಶ್ನೆ ಬೇರೆಯಿದೆ. ನಾವು ಹೋಗುವ ದೇಶಗಳ ಕಂಪನಿಗಳ ನಡುವೆ ಎಂಥ ಒಪ್ಪಂದವಿದೆ, ಅದರ ದರಕ್ಕೆ ಯಾರಾದರೂ ಲಗಾಮು ಹಾಕಿದ್ದಾರೆಯೇ? ನಮ್ಮ ಬಿಲ್ಲು ನಿರ್ಧಾರವಾಗುವುದು ಅಲ್ಲಿ.

ಯುರೋಪಿನ ಅಂಕಿಗಳನ್ನು ನೋಡಿದರೆ ಇದು ಸ್ಪಷ್ಟವಾಗುತ್ತದೆ. ರೋಮಿಂಗ್ ಡೇಟಾಕ್ಕೆ ಗ್ರಾಹಕ ಕೊಡುವ ದರಕ್ಕೆ ಯುರೋಪಿಯನ್ ಒಕ್ಕೂಟ ಮೊದಲ ಸಲ ಮಿತಿ ಹಾಕಿದ್ದು 2012ರ ಜುಲೈಯಲ್ಲಿ. ತೆರಿಗೆ ಬಿಟ್ಟು ಒಂದು ಎಂಬಿಗೆ 70 ಸೆಂಟ್. ಗುಣಿಸಿ ನೋಡಿ: ಒಂದು ಜಿಬಿಗೆ 700 ಯುರೊ ಆಯಿತು, ಅದೂ ಗ್ರಾಹಕರನ್ನು ಕಾಪಾಡಲು ತಂದ ಮಿತಿ! ಮರುವರ್ಷ ಅದು 45 ಸೆಂಟ್‌ಗೆ, 2014ರಲ್ಲಿ 20 ಸೆಂಟ್‌ಗೆ ಇಳಿಯಿತು. 2017ರ ಜೂನ್ 15ರಿಂದ ರೋಮಿಂಗ್ ಶುಲ್ಕವೇ ರದ್ದಾಯಿತು. ಊರಿನಲ್ಲಿ ಕೊಡುವ ದರದಲ್ಲೇ ಒಕ್ಕೂಟದ ಯಾವ ದೇಶದಲ್ಲಾದರೂ ಡೇಟಾ ಬಳಸಬಹುದು. ಇದರ ಜತೆಗೆ ಕಂಪನಿಗಳು ಒಂದಕ್ಕೊಂದು ಕೊಡುವ ಸಗಟು ದರಕ್ಕೂ ಮಿತಿ ಬಿತ್ತು. 2017ರಲ್ಲಿ ಜಿಬಿಗೆ 7.70 ಯುರೊ ಇದ್ದದ್ದು 2022ರಲ್ಲಿ 2 ಯುರೊ, 2026ರಲ್ಲಿ 1.10, 2027ಕ್ಕೆ 1 ಯುರೊ. ಈ ಕಾನೂನು 2032ರವರೆಗೆ ಜಾರಿಯಲ್ಲಿರುತ್ತದೆ. ನೆಟ್‌ವರ್ಕ್ ಸುಧಾರಿಸಿ ಖರ್ಚು ಇಳಿದದ್ದು ನಿಜ. ಆದರೆ 700 ಯುರೊದಿಂದ ಇಲ್ಲಿಗೆ ಬಂದದ್ದನ್ನು ಬರೀ ತಂತ್ರಜ್ಞಾನದ ಲೆಕ್ಕಕ್ಕೆ ಬರೆಯಲಾಗದು.

ಸಗಟು ದರ ಎಂದರೇನು ಎಂಬುದನ್ನು ಸ್ವಲ್ಪ ಬಿಡಿಸಿ ನೋಡಬೇಕು. ನಿಮ್ಮ ಭಾರತದ ಸಿಮ್ ರೋಮ್‌ನಲ್ಲಿ ಕೆಲಸ ಮಾಡಬೇಕಾದರೆ ನಿಮ್ಮ ಕಂಪನಿ ಇಟಲಿಯ ಯಾವುದಾದರೂ ಕಂಪನಿಯೊಂದಿಗೆ ಒಪ್ಪಂದ ಮಾಡಿಕೊಂಡಿರಬೇಕು. ನೀವು ಬಳಸಿದ ಪ್ರತಿ ಎಂಬಿಗೆ ಇಟಲಿಯವರು ನಿಮ್ಮ ಕಂಪನಿಗೆ ಬಿಲ್ಲು ಕಳಿಸುತ್ತಾರೆ, ಅದರ ಮೇಲೆ ತನ್ನ ಲಾಭ ಸೇರಿಸಿ ನಿಮ್ಮ ಕಂಪನಿ ನಿಮಗೆ ಕಳಿಸುತ್ತದೆ. ಈ ದರ ಗುಟ್ಟಿನದು. ದೊಡ್ಡ ಕಂಪನಿಗಳು ‘ನಿಮ್ಮ ಇಷ್ಟು ಗ್ರಾಹಕರು ನಮ್ಮಲ್ಲಿಗೆ, ನಮ್ಮವರು ಇಷ್ಟು ಜನ ನಿಮ್ಮಲ್ಲಿಗೆ’ ಎಂದು ಕೊಡುಕೊಳ್ಳುವಿಕೆಯ ಲೆಕ್ಕದಲ್ಲಿ ಇಳಿಸಿಕೊಳ್ಳುತ್ತವೆ. ಯುರೋಪಿನ ಮಿತಿ ಅಲ್ಲಿನ ಕಂಪನಿಗಳು ತಮ್ಮತಮ್ಮಲ್ಲಿ ಹಾಕುವ ದರಕ್ಕೆ ಅನ್ವಯಿಸುತ್ತದೆ. ಭಾರತದ ಕಂಪನಿಗೆ ಆ ರಕ್ಷಣೆ ಇಲ್ಲ. ಇಟಲಿಯವರು ಇಷ್ಟ ಬಂದದ್ದು ಕೇಳಬಹುದು. ಪ್ಯಾಕ್ ಹಾಕಿಸದೆ ಡೇಟಾ ರೋಮಿಂಗ್ ಚಾಲೂ ಬಿಟ್ಟವರಿಗೆ ಬರುವ ಬಿಲ್ಲು ಎದೆ ಒಡೆಸುವುದು ಈ ಕಾರಣಕ್ಕೆ.

ಡೇಟಾ ಸಾಗುವ ದಾರಿಯೂ ವಿಚಿತ್ರ. ರೋಮಿಂಗ್‌ನಲ್ಲಿ ನಿಮ್ಮ ಇಂಟರ್‌ನೆಟ್ ಸಾಮಾನ್ಯವಾಗಿ ಅಲ್ಲಿನ ಟವರಿನಿಂದ ನೇರವಾಗಿ ಹೊರಜಗತ್ತಿಗೆ ಹೋಗುವುದಿಲ್ಲ. ಸಿಮ್ ಕೊಟ್ಟ ಕಂಪನಿಯ ದೇಶಕ್ಕೆ ವಾಪಸು ಬಂದು, ಅಲ್ಲಿಂದ ಹೊರಟು, ಮತ್ತೆ ನಿಮ್ಮ ಕೈಗೆ ಬರುತ್ತದೆ. ಜ್ಯೂರಿಕ್‌ನಲ್ಲಿ ನಿಂತು ಹತ್ತಿರದ ಹೋಟೆಲ್ ಹುಡುಕಿದರೂ ಆ ಪ್ರಶ್ನೆ ಭಾರತಕ್ಕೆ ಬಂದು ಹೋಗುತ್ತದೆ. ಪಕ್ಕದ ಮನೆಗೆ ಹೇಳಬೇಕಾದ ಮಾತನ್ನು ತವರಿಗೆ ಹೇಳಿಕಳಿಸಿದ ಹಾಗೆ. ಸಿಗ್ನಲ್ ಪೂರ್ತಿ ಇದ್ದರೂ ನೆಟ್ ತಡವರಿಸುವುದಕ್ಕೆ ಇದೂ ಒಂದು ಕಾರಣ. ಇದರಿಂದ ಉಪಕಾರವೂ ಇದೆ. ಚೀನಾದಲ್ಲಿ ಸ್ಥಳೀಯ ಸಿಮ್ ಹಾಕಿದರೆ ಗೂಗಲ್, ವಾಟ್ಸ್‌ಆ್ಯಪ್ ತೆರೆಯುವುದಿಲ್ಲ. ರೋಮಿಂಗ್ ಸಿಮ್‌ನಲ್ಲಿ ಡೇಟಾ ಹೊರಬೀಳುವುದೇ ಬೇರೆ ದೇಶದಲ್ಲಿ ಆದ್ದರಿಂದ ಸಾಮಾನ್ಯವಾಗಿ ತೆರೆಯುತ್ತವೆ. ದುಬೈನಲ್ಲಿ ಸ್ಥಳೀಯ ನೆಟ್‌ವರ್ಕ್‌ಗಳಲ್ಲಿ ವಾಟ್ಸ್‌ಆ್ಯಪ್ ಕರೆಗೆ ತಡೆಯಿದೆ. ಮಂಗಳೂರು, ಉಡುಪಿ, ಭಟ್ಕಳದ ಮನೆಗಳಲ್ಲಿ ಅಜ್ಜ ಅಜ್ಜಿಯರ ಫೋನಿನಲ್ಲೂ, ಅಲ್ಲಿ ಕರೆಗೆ ಅನುಮತಿಯಿರುವ ಬೋಟಿಮ್ ಆ್ಯಪ್ ಕಾಣುವುದು ಅದಕ್ಕೇ. ಇನ್ನು ಭಾರತದ ಕೆಲವು ಸರ್ಕಾರಿ ಜಾಲತಾಣಗಳು ವಿದೇಶಿ ಐಪಿ ವಿಳಾಸ (ಇಂಟರ್‌ನೆಟ್‌ನಲ್ಲಿ ನಿಮ್ಮ ಸಂಪರ್ಕದ ಗುರುತು) ಕಂಡರೆ ಬಾಗಿಲೇ ತೆಗೆಯುವುದಿಲ್ಲ. ಭಾರತದ ಸಿಮ್‌ನ ರೋಮಿಂಗ್ ಡೇಟಾದಲ್ಲಿ ಆ ತೊಂದರೆ ಕಡಿಮೆ.

ಈಗ ಯುರೋಪಿನ ನಕ್ಷೆಗೆ ಬರೋಣ. ನಮ್ಮವರು ಮುಗ್ಗರಿಸುವುದು ಹೆಚ್ಚಾಗಿ ಇಲ್ಲಿ. ಕೈಯಲ್ಲಿ ಷೆಂಗೆನ್ ವೀಸಾ ಇರುತ್ತದೆ. ಒಂದೇ ವೀಸಾದಲ್ಲಿ ಓಡಾಡುವ ದೇಶಗಳಲ್ಲೆಲ್ಲ ಒಂದೇ ಸಿಮ್ ನಡೆಯುತ್ತದೆ ಎಂದುಕೊಳ್ಳುತ್ತೇವೆ. ವೀಸಾದ ನಕ್ಷೆ ಬೇರೆ, ಡೇಟಾದ ನಕ್ಷೆ ಬೇರೆ. ಶುಲ್ಕವಿಲ್ಲದ ರೋಮಿಂಗ್ ಇರುವುದು ಒಕ್ಕೂಟದ 27 ದೇಶಗಳಲ್ಲಿ, ಜತೆಗೆ ನಾರ್ವೆ, ಐಸ್‌ಲ್ಯಾಂಡ್ ಮತ್ತು ಲೀಕ್ಟೆನ್‌ಸ್ಟೈನ್‌ನಲ್ಲಿ; 2026ರಲ್ಲಿ ಸೇರಿದ ಇನ್ನೆರಡು ದೇಶಗಳ ಮಾತು ಕೊನೆಗೆ. ಐರ್ಲೆಂಡ್ ಷೆಂಗೆನ್‌ನಲ್ಲಿಲ್ಲ, ರೋಮಿಂಗ್ ವಲಯದಲ್ಲಿದೆ. ಸ್ವಿಟ್ಜರ್ಲೆಂಡ್ ಷೆಂಗೆನ್‌ನಲ್ಲಿದೆ, ರೋಮಿಂಗ್ ವಲಯದಲ್ಲಿಲ್ಲ. ಬ್ರಿಟನ್ ಎರಡರಲ್ಲೂ ಇಲ್ಲ. ಪುಟ್ಟ ಲೀಕ್ಟೆನ್‌ಸ್ಟೈನ್ ಸ್ವಿಟ್ಜರ್ಲೆಂಡಿನ ಮಗ್ಗುಲಲ್ಲೇ ಇದ್ದುಕೊಂಡು ವಲಯದೊಳಗಿದೆ ಎಂಬುದು ನೋಡಿ ಮಜಾ.

ಪ್ಯಾರಿಸ್ಸಿನಲ್ಲಿ ಪ್ರೀಪೇಯ್ಡ್ ಸಿಮ್ ಕೊಂಡವರಿಗೆ ಇಟಲಿ, ಜರ್ಮನಿ, ಆಸ್ಟ್ರಿಯಾ ಎಲ್ಲ ಸಲೀಸು. ಸ್ವಿಟ್ಜರ್ಲೆಂಡಿನ ಟಿಟ್ಲಿಸ್ ಬೆಟ್ಟದ ಹಿಮದಲ್ಲಿ ನಿಂತು ಊರಿಗೆ ವಿಡಿಯೊ ಕಾಲ್ ಮಾಡಹೊರಟರೆ ಮಾತ್ರ ನೆಟ್ ಇರುವುದಿಲ್ಲ, ಅಥವಾ ಎಂಬಿ ಲೆಕ್ಕದಲ್ಲಿ ಬ್ಯಾಲೆನ್ಸ್ ಕರಗುತ್ತದೆ. ಕೆಲವು ಫ್ರೆಂಚ್ ಪ್ಲಾನ್‌ಗಳು ಸ್ವಿಟ್ಜರ್ಲೆಂಡನ್ನು ತಾವಾಗಿ ಸೇರಿಸಿಕೊಂಡಿರುತ್ತವೆ, ಆದರೆ ಅದು ಕಂಪನಿಯ ಧಾರಾಳವೇ ಹೊರತು ನಿಮ್ಮ ಹಕ್ಕಲ್ಲ. ಜಿನೀವಾ ಸುತ್ತ ಇನ್ನೊಂದು ಪೇಚು. ಗಡಿ ಅಷ್ಟು ಹತ್ತಿರ ಇರುವುದರಿಂದ ಫೋನು ಸ್ವಿಸ್ ಟವರಿನಿಂದ ಫ್ರೆಂಚ್ ಟವರಿಗೆ, ಅಲ್ಲಿಂದ ಮತ್ತೆ ಇಲ್ಲಿಗೆ ತಾನೇ ಜಿಗಿಯುತ್ತಿರುತ್ತದೆ. ನೆಟ್‌ವರ್ಕ್ ಆಯ್ಕೆಯನ್ನು ಆಟೊಮ್ಯಾಟಿಕ್‌ನಿಂದ ಮ್ಯಾನ್ಯುಯಲ್‌ಗೆ ಹಾಕುವುದು ಇದಕ್ಕೊಂದು ದಾರಿ. ಬಾಸೆಲ್ ವಿಮಾನ ನಿಲ್ದಾಣವಂತೂ ಇರುವುದೇ ಫ್ರಾನ್ಸ್ ನೆಲದಲ್ಲಿ, ಎರಡು ದೇಶಕ್ಕೂ ಬೇರೆ ಬೇರೆ ಬಾಗಿಲು. ಯಾವ ಬಾಗಿಲ ಬಳಿಯ ಅಂಗಡಿಯಲ್ಲಿ ಸಿಮ್ ಕೊಂಡಿರಿ ಎಂಬುದರ ಮೇಲೆ ನೀವು ರೋಮಿಂಗ್ ವಲಯದ ಒಳಗಿದ್ದೀರೋ ಹೊರಗಿದ್ದೀರೋ ನಿರ್ಧಾರವಾಗುತ್ತದೆ.

ವಲಯದೊಳಗೂ ಎಲ್ಲವೂ ಅಪರಿಮಿತ ಅಲ್ಲ. ಸ್ವದೇಶದಲ್ಲಿ ಭಾರಿ ಅಗ್ಗಕ್ಕೆ ರಾಶಿ ಡೇಟಾ ಕೊಡುವ ಪ್ಲಾನ್‌ಗಳಿಗೆ ಬೇರೆ ದೇಶದಲ್ಲಿ ಕಡಿಮೆ ಮಿತಿ ಹಾಕಲು ಕಾನೂನೇ ಅವಕಾಶ ಕೊಟ್ಟಿದೆ. ಸಿಮ್ ಪೊಟ್ಟಣದ ಮೇಲೆ ದೊಡ್ಡಕ್ಷರದಲ್ಲಿ ಇರುವ ಜಿಬಿ ಫ್ರಾನ್ಸ್ ಒಳಗಿನದ್ದು. ಯುರೋಪಿಗೆ ಎಷ್ಟು ಎಂಬುದು ಕೆಳಗೆ ಸಣ್ಣಕ್ಷರದಲ್ಲಿರುತ್ತದೆ. ಹಡಗಿನಲ್ಲಿ ಇನ್ನೂ ಎಚ್ಚರ ಬೇಕು. ದಡ ಬಿಟ್ಟ ಮೇಲೆ ಫೋನು ಹಡಗಿನದೇ ಉಪಗ್ರಹ ನೆಟ್‌ವರ್ಕ್ ಹಿಡಿಯುತ್ತದೆ. ಅದಕ್ಕೆ ಯುರೋಪಿನ ಉಚಿತ ರೋಮಿಂಗ್ ಅನ್ವಯಿಸುವುದಿಲ್ಲ, ದರವೂ ಬೇರೆಯೇ. ಏರ್‌ಪ್ಲೇನ್ ಮೋಡ್ ವಿಮಾನಕ್ಕಷ್ಟೇ ಎಂದು ಯಾರೂ ಹೇಳಿಲ್ಲ.

ಕಾನೂನಿನ ಬಲವಿಲ್ಲದೆಯೂ ದರ ಇಳಿದ ಉದಾಹರಣೆ ಆಫ್ರಿಕಾದಲ್ಲಿದೆ. 2006ರಲ್ಲಿ ಸೆಲ್‌ಟೆಲ್ ಎಂಬ ಕಂಪನಿ ಕೀನ್ಯಾ, ಉಗಾಂಡಾ, ಟಾಂಜಾನಿಯಾ ಮೂರನ್ನೂ ಕರೆಗಳ ಮಟ್ಟಿಗೆ ಒಂದೇ ನೆಟ್‌ವರ್ಕ್ ಮಾಡಿತು. ಯುರೋಪಿನ ಮೊದಲ ರೋಮಿಂಗ್ ಕಾನೂನು ಬಂದದ್ದು ಅದರ ಮರುವರ್ಷ. ಸೆಲ್‌ಟೆಲ್‌ಗೆ ಇದು ಸಾಧ್ಯವಾದದ್ದು ಗಡಿಯ ಎರಡೂ ಕಡೆಯ ಕಂಪನಿ ತನ್ನದೇ ಆಗಿದ್ದರಿಂದ. ಬಿಲ್ಲು ಕಳಿಸುವವನೂ ಕಟ್ಟುವವನೂ ಒಬ್ಬನೇ ಆದರೆ ಜಗಳವೆಲ್ಲಿ? ಆ ಕಂಪನಿಯ ಹೆಸರು ಮುಂದೆ ಜೈನ್ (Zain) ಎಂದಾಯಿತು. 2010ರಲ್ಲಿ ಜೈನ್‌ನ ಆಫ್ರಿಕಾ ವ್ಯವಹಾರವನ್ನು ಕೊಂಡದ್ದು ನಮ್ಮ ಏರ್‌ಟೆಲ್.

ಭಾರತೀಯ ಪ್ರವಾಸಿಗೆ ಬಿಗಿಯಾದ ಕಟ್ಟು ಒಂದಿದೆ: ಒಟಿಪಿ. ವಿದೇಶಕ್ಕೆ ಹೋದೊಡನೆ ಊರಿನ ಸಿಮ್ ತೆಗೆದು ಪರ್ಸಿನಲ್ಲಿಟ್ಟರೆ ಒಟಿಪಿ ಕೇಳುವ ಕಾರ್ಡ್ ಪಾವತಿಯೂ ನಡೆಯದು, ಎಷ್ಟೋ ಬ್ಯಾಂಕ್ ಆ್ಯಪೂ ನಡೆಯದು. ರೋಮಿಂಗ್‌ನಲ್ಲಿ ಒಳಬರುವ ಎಸ್‌ಎಂಎಸ್‌ಗೆ ಸಾಮಾನ್ಯವಾಗಿ ಶುಲ್ಕವಿಲ್ಲ. ಆದರೆ ಅದು ಬರಬೇಕಾದರೆ ಹೊರಡುವ ಮೊದಲೇ ಇಂಟರ್‌ನ್ಯಾಷನಲ್ ರೋಮಿಂಗ್ ಚಾಲೂ ಮಾಡಿಸಿರಬೇಕು, ವ್ಯಾಲಿಡಿಟಿ ಇರಬೇಕು, ಸಿಮ್ ಫೋನಿನೊಳಗಿರಬೇಕು. ಗಲ್ಫ್‌ನಲ್ಲಿರುವ ನಮ್ಮವರು ವರ್ಷಗಟ್ಟಲೆ ಊರಿನ ನಂಬರ್‌ಗೆ ತಮ್ಮನ ಕೈಯಲ್ಲಿ ರೀಚಾರ್ಜ್ ಮಾಡಿಸುತ್ತಾ ಇರುವುದು ಇದೇ ಕಾರಣಕ್ಕೆ. 90 ದಿನ ಬಳಕೆಯೇ ಇಲ್ಲದ ಪ್ರೀಪೇಯ್ಡ್ ಸಂಖ್ಯೆಯನ್ನು ಕಂಪನಿ ರದ್ದು ಮಾಡಬಹುದು. ಎಸ್‌ಎಂಎಸ್ ಬಿಟ್ಟು ಬೇರೆ ದೃಢೀಕರಣದ ದಾರಿಗಳಿಗೂ ಜಾಗ ಮಾಡಿಕೊಡುವ ನಿರ್ದೇಶನವನ್ನು ಆರ್‌ಬಿಐ 2025ರ ಸೆಪ್ಟೆಂಬರಿನಲ್ಲಿ ಹೊರಡಿಸಿತು, ಜಾರಿಗೆ 2026ರ ಏಪ್ರಿಲ್ 1 ಗೊತ್ತುಮಾಡಿತು. ಬ್ಯಾಂಕುಗಳು ಅಭ್ಯಾಸ ಬಿಡುವುದು ನಿಧಾನ. ಇನ್ನೊಂದು ಕಡೆಯಿಂದ ಕಟ್ಟು ಬಿಗಿಯುತ್ತಲೂ ಇದೆ. ನೋಂದಾಯಿಸಿದ ಸಿಮ್ ಫೋನಿನಲ್ಲಿದ್ದರೆ ಮಾತ್ರ ಕೆಲಸ ಮಾಡುವಂತೆ ಬದಲಾಗಬೇಕು ಎಂದು ದೂರಸಂಪರ್ಕ ಇಲಾಖೆ 2025ರ ನವೆಂಬರಿನಲ್ಲಿ ವಾಟ್ಸ್‌ಆ್ಯಪ್, ಟೆಲಿಗ್ರಾಂನಂಥ ಆ್ಯಪ್‌ಗಳಿಗೆ ಸೂಚಿಸಿದೆ. ಊರಿನ ಸಿಮ್ ತೆಗೆದಿಡುವ ಹಳೆಯ ಉಪಾಯದ ಕಾಲ ಮುಗಿಯುತ್ತಾ ಬಂತು.

ಹಾಗಾಗಿ ಒಂದು ಸಿಮ್‌ನಲ್ಲಿ ಎಲ್ಲವನ್ನೂ ಮಾಡುವ ಆಸೆ ಬಿಟ್ಟು, ಫೋನಿನಲ್ಲಿ ಎರಡು ಲೈನ್ ಇಟ್ಟುಕೊಳ್ಳುವುದೇ ಸರಿ ಎಂದು ನನ್ನ ಅನಿಸಿಕೆ. ಊರಿನ ಸಿಮ್ ಒಟಿಪಿಗೆ, ಅದರ ಡೇಟಾ ರೋಮಿಂಗ್ ಬಂದ್. ಎರಡನೆಯದು ಡೇಟಾಕ್ಕೆ. ಸೆಟ್ಟಿಂಗ್ಸ್‌ನಲ್ಲಿ ಒಂದು ಲೈನಿನ ಸಿಗ್ನಲ್ ಹೋದರೆ ಇನ್ನೊಂದರ ಡೇಟಾ ತಾನಾಗಿ ಬಳಸುವ ಸ್ವಿಚ್ ಕೆಲವು ಫೋನುಗಳಲ್ಲಿರುತ್ತದೆ, ಅದನ್ನು ಮರೆಯದೆ ಆಫ್ ಮಾಡಬೇಕು. ಊರಿನ ನಂಬರಿಗೆ ಬಂದ ಕರೆ ಎತ್ತಿದರೆ ನಿಮಿಷದ ಲೆಕ್ಕ ಶುರುವಾಗುತ್ತದೆ. ಸಾಲ ಬೇಕೇ ಎಂದು ಕೇಳುವವರ ಕರೆಗೂ!

ಎರಡನೆಯ ಲೈನು ಯಾವುದು? ಈಗ ಇದಕ್ಕೆ ಹೆಚ್ಚು ಜನ ನೋಡುವುದು ಪ್ರವಾಸಿ ಇ-ಸಿಮ್. ಕಾರ್ಡ್ ಬದಲಿಸದೆ ಫೋನಿನೊಳಗೆ ಇಳಿಸಿಕೊಳ್ಳುವ ಸಿಮ್ ಇದು. 2018ರ ಐಫೋನ್‌ಗಳ ಹೊತ್ತಿಗೆ ಸಾಮಾನ್ಯರ ಕೈಗೆ ಬಂತು. ಏರಾಲೊ, ಹೋಲಾಫ್ಲೈ ಥರದ ಕಂಪನಿಗಳಿಗೆ ಸ್ವಂತದ್ದು ಒಂದು ಟವರೂ ಇಲ್ಲ. ಬೇರೆ ಬೇರೆ ದೇಶಗಳ ಕಂಪನಿಗಳಿಂದ ರೋಮಿಂಗ್ ಡೇಟಾ ಸಗಟಾಗಿ ಕೊಂಡು ಚಿಲ್ಲರೆ ಮಾರುತ್ತವೆ. ಯುರೋಪಿನಲ್ಲಿ ಕಾನೂನು, ಆಫ್ರಿಕಾದಲ್ಲಿ ಒಡೆತನ ಮಾಡಿದ ಕೆಲಸವನ್ನು ಇಲ್ಲಿ ಚೌಕಾಸಿ ಮಾಡುತ್ತದೆ. ಹಲವು ದೇಶ ಸುತ್ತುವವರಿಗೆ ಇದರ ಪ್ರಾದೇಶಿಕ ಪ್ಲಾನ್ ಅನುಕೂಲ, ಆದರೆ ಹೆಸರಿನಲ್ಲಿ ‘ಯುರೋಪ್’ ಇದ್ದ ಮಾತ್ರಕ್ಕೆ ಸ್ವಿಟ್ಜರ್ಲೆಂಡ್, ಬ್ರಿಟನ್, ಟರ್ಕಿ ಇರುತ್ತವೆ ಎನ್ನಲಾಗದು. ದೇಶಗಳ ಪಟ್ಟಿ ತೆರೆದು ಒಂದೊಂದೇ ಹೆಸರು ನೋಡಬೇಕು.

ಇ-ಸಿಮ್ ಹಾಕಿಕೊಂಡವರಿಗೆ ಆಗುವ ಗೊಂದಲ ಒಂದೇ ಥರದ್ದು. ಡೇಟಾ ರೋಮಿಂಗ್ ಆಫ್ ಮಾಡಿಡಬೇಕು ಎಂದು ಎಲ್ಲರೂ ಹೇಳಿಕಳಿಸಿರುತ್ತಾರೆ, ಆಫ್ ಮಾಡುತ್ತಾರೆ, ನೆಟ್ ಬರುವುದಿಲ್ಲ. ಪ್ರವಾಸಿ ಇ-ಸಿಮ್ ಕೂಡ ಎಲ್ಲೋ ಮೂರನೆಯ ದೇಶದ ರೋಮಿಂಗ್ ಸಿಮ್ಮೇ ಆದ್ದರಿಂದ ಅದರ ಲೈನಿಗೆ ರೋಮಿಂಗ್ ಚಾಲೂ ಇರಬೇಕು. ಇಳಿಸಿಕೊಳ್ಳಲು ಇಂಟರ್‌ನೆಟ್ ಬೇಕಾದ್ದರಿಂದ ಮನೆಯ ವೈಫೈನಲ್ಲೇ ಮುಗಿಸಿಕೊಂಡು ಹೊರಡುವುದು ಕ್ಷೇಮ. ಡಿಲೀಟ್ ಮಾಡಿದರೆ ಅದೇ ಇ-ಸಿಮ್ ಮತ್ತೆ ಸಿಗುವುದು ಕಷ್ಟ. ‘ಅನ್‌ಲಿಮಿಟೆಡ್’ ಎಂದು ಮಾರುವ ಪ್ಲಾನ್‌ಗಳಲ್ಲಿ ದಿನಕ್ಕೆ ಇಷ್ಟು ಜಿಬಿ ಆದ ಮೇಲೆ ವೇಗ ಇಳಿಸುವುದು, ಹಾಟ್‌ಸ್ಪಾಟ್‌ಗೆ ಬೇರೆ ಮಿತಿ ಇಡುವುದು ಮಾಮೂಲು. ಮನೆಮಂದಿಯೆಲ್ಲ ಒಂದು ಫೋನಿನ ಹಾಟ್‌ಸ್ಪಾಟ್ ನಂಬಿ ಹೊರಟಿದ್ದರೆ ಆ ಸಾಲನ್ನು ಮೊದಲು ಓದಿ.

ಇಲ್ಲಿ ಸರ್ಕಾರದ ಪಾತ್ರವೂ ಬರುತ್ತದೆ. ವಿದೇಶಿ ಕಂಪನಿಯ ಸಿಮ್ಮನ್ನು ಭಾರತದಲ್ಲಿ ಮಾರಲು ದೂರಸಂಪರ್ಕ ಇಲಾಖೆಯ ನಿರಾಕ್ಷೇಪಣಾ ಪತ್ರ ಬೇಕು. ಅದು ಇಲ್ಲವೆಂದು 2024ರ ಜನವರಿಯಲ್ಲಿ ಏರಾಲೊ ಮತ್ತು ಹೋಲಾಫ್ಲೈ ಆ್ಯಪ್‌ಗಳನ್ನು ಭಾರತದ ಆ್ಯಪ್ ಸ್ಟೋರ್‌ಗಳಿಂದ ತೆಗೆಸಲಾಯಿತು. ವಿದೇಶಿ ನಂಬರ್‌ಗಳಿಂದ ನಡೆಯುವ ಸೈಬರ್ ವಂಚನೆಯ ಆತಂಕ ಸುಳ್ಳಲ್ಲ. ಆದರೂ ಡೇಟಾ ಮಾತ್ರ ಇರುವ, ಕರೆಯ ನಂಬರೇ ಇಲ್ಲದ ಪ್ರವಾಸಿ ಇ-ಸಿಮ್‌ಗೂ ಅದೇ ಅಳತೆಗೋಲು ಯಾಕೆ ಎಂಬ ಪ್ರಶ್ನೆ ಉಳಿಯುತ್ತದೆ. ಟರ್ಕಿ 2025ರ ಜುಲೈಯಲ್ಲಿ ಇಂಥ ಹಲವು ಕಂಪನಿಗಳ ಜಾಲತಾಣಗಳಿಗೆ ತನ್ನಲ್ಲಿ ತಡೆ ಹಾಕಿತು. ಇಸ್ತಾನ್‌ಬುಲ್‌ನಲ್ಲಿ ಇಳಿದ ಮೇಲೆ ಕೊಂಡರಾಯಿತು ಎಂದುಕೊಂಡವರಿಗೆ ಅಲ್ಲಿ ಆ ಪುಟವೇ ತೆರೆಯದು.

ಹಾಗೆಂದು ಭಾರತೀಯ ಕಂಪನಿಗಳ ರೋಮಿಂಗ್ ಪ್ಯಾಕ್ ದಂಡ ಎನ್ನಲಾರೆ. ನಾಲ್ಕೈದು ದಿನದ ಆಫೀಸ್ ಪ್ರಯಾಣಕ್ಕೆ, ಫೋನಿನ ಸೆಟ್ಟಿಂಗ್ಸ್ ಎಂದರೆ ಹೆದರುವ ಹಿರಿಯರಿಗೆ ಅದೇ ವಾಸಿ: ಒಂದೇ ನಂಬರು, ಒಂದೇ ರೀಚಾರ್ಜು, ಕರೆಗೂ ಆಗುತ್ತದೆ. ದಿನಗಳು ಹೆಚ್ಚಿದಂತೆ ಲೆಕ್ಕ ತಲೆಕೆಳಗಾಗುತ್ತದೆ. ಪ್ಯಾಕ್ ಕೊಳ್ಳುವಾಗ ಕೇಳಬೇಕಾದ್ದು ದಿನ ಅಂದರೆ 24 ಗಂಟೆಯೋ ಮಧ್ಯರಾತ್ರಿಯವರೆಗೋ, ಮಧ್ಯರಾತ್ರಿ ಅಂದರೆ ಭಾರತದ್ದೋ ಅಲ್ಲಿಯದ್ದೋ. ಬೆಂಗಳೂರಿನಿಂದ ಯುರೋಪಿಗೆ ಹೊರಟವರು ಎಷ್ಟೋ ಸಲ ದುಬೈ, ದೋಹಾ, ಅಬುಧಾಬಿಯಲ್ಲಿ ವಿಮಾನ ಬದಲಿಸುತ್ತಾರೆ. ಅಲ್ಲಿ ಫೋನ್ ಆನ್ ಮಾಡಿದರೆ ಒಂದೋ ಪ್ಯಾಕ್ ಅಲ್ಲಿಂದಲೇ ಓಡಲು ಶುರುವಾಗುತ್ತದೆ, ಇಲ್ಲವೇ ಆ ದೇಶ ಪಟ್ಟಿಯಲ್ಲಿಲ್ಲದೆ ಎಂಬಿ ದರ ಬೀಳುತ್ತದೆ. ವಿಮಾನ ನಿಲ್ದಾಣದ ವೈಫೈ ಇರುವುದು ಅದಕ್ಕೆ.

ಸಿಂಗಪುರ, ಮಲೇಷ್ಯಾ, ಥಾಯ್ಲೆಂಡ್ ಸುತ್ತುವವರಿಗೆ ಯುರೋಪಿನಂಥ ಕಾನೂನಿನ ಆಸರೆ ಇಲ್ಲ. ಅಲ್ಲಿ ಸ್ಪರ್ಧೆಯೇ ಗತಿ, ಪುಣ್ಯಕ್ಕೆ ಅದು ಜೋರಾಗಿದೆ. ಥಾಯ್ಲೆಂಡಿನ ಎಐಎಸ್ ಕಂಪನಿ ತನ್ನ ದೇಶದವರು ಹೊರಗೆ ಹೋಗುವಾಗ ಬಳಸಲೆಂದು ತಂದ ‘ಸಿಮ್ ಟು ಫ್ಲೈ’ಯನ್ನು ಬೇರೆ ದೇಶದವರೂ ಕೊಂಡು ಏಷ್ಯಾ ಸುತ್ತುತ್ತಾರೆ. ಒಂದೇ ದೇಶದಲ್ಲಿ ವಾರಗಟ್ಟಲೆ ಇರುವುದಾದರೆ ಪಾಸ್‌ಪೋರ್ಟ್ ತೋರಿಸಿ ಸ್ಥಳೀಯ ಸಿಮ್ ಕೊಳ್ಳುವುದು ಈಗಲೂ ಹೆಚ್ಚಿನ ಕಡೆ ಅಗ್ಗ, ವೇಗವೂ ಚೆನ್ನ. ಜಪಾನಿನಲ್ಲಿ ಪ್ರವಾಸಿಗಳಿಗೆ ಸಿಗುವುದು ಹೆಚ್ಚಾಗಿ ಡೇಟಾ ಮಾತ್ರದ ಸಿಮ್. ಟರ್ಕಿಯಲ್ಲಿ ಹೊರಗಿನಿಂದ ತಂದ ಫೋನಿಗೆ ಅಲ್ಲಿನ ಸಿಮ್ ಹಾಕಿ ನೋಂದಣಿ ಮಾಡಿಸದಿದ್ದರೆ 120 ದಿನಕ್ಕೆ ಬ್ಲಾಕ್.

ಎಷ್ಟು ಡೇಟಾ ಬೇಕು ಎಂಬುದರಲ್ಲಿ ನಾವು ಹೆಚ್ಚಾಗಿ ಹೆದರಿ ಜಾಸ್ತಿ ಕೊಳ್ಳುತ್ತೇವೆ. ಮ್ಯಾಪ್, ಮೆಸೇಜು, ಟಿಕೆಟ್ ಬುಕಿಂಗ್‌ಗೆ ಖರ್ಚಾಗುವುದು ಅಲ್ಪ. ಊರಿನ ಮ್ಯಾಪನ್ನು ವೈಫೈನಲ್ಲಿ ಇಳಿಸಿಕೊಂಡರೆ ಅದೂ ಇಲ್ಲ. ನುಂಗುವುದು ವಿಡಿಯೊ. ನೆಟ್‌ಫ್ಲಿಕ್ಸ್ ಹೇಳುವಂತೆ ಎಚ್‌ಡಿ ಗುಣಮಟ್ಟದಲ್ಲಿ ಗಂಟೆಗೆ 3 ಜಿಬಿವರೆಗೆ ಬೇಕು. ಅದಕ್ಕಿಂತ ಸದ್ದಿಲ್ಲದ ಕಳ್ಳ ಫೋಟೊ ಬ್ಯಾಕಪ್. ಐಫೋನಿನಲ್ಲಿ ಒಂದು ನಿಮಿಷದ 4ಕೆ ವಿಡಿಯೊ ಸುಮಾರು 170 ಎಂಬಿ ಆಗುತ್ತದೆ. ಐಫೆಲ್ ಗೋಪುರದ ರಾತ್ರಿಯ ದೀಪಗಳನ್ನು ಆರು ನಿಮಿಷ ಸೆರೆಹಿಡಿದು ಬ್ಯಾಕಪ್ ಚಾಲೂ ಬಿಟ್ಟರೆ ಒಂದು ಜಿಬಿ ಅಲ್ಲೇ ಹೋಯಿತು.

ಐಫೆಲ್ ಎಂದಾಗ ಇನ್ನೊಂದು ಮಾತು. 2024ರ ಫೆಬ್ರುವರಿಯಿಂದ ಆ ಗೋಪುರದ ಟಿಕೆಟ್ಟಿಗೆ ಯುಪಿಐ ನಡೆಯುತ್ತದೆ. ಅದಕ್ಕೆ ಒಂದು ವರ್ಷ ಮೊದಲು ಸಿಂಗಪುರದ ಪೇನೌ ಎಂಬ ಪಾವತಿ ವ್ಯವಸ್ಥೆಯ ಜತೆ ಯುಪಿಐ ಜೋಡಣೆಯಾಗಿತ್ತು. ಶ್ರೀಲಂಕಾ, ಮಾರಿಷಸ್‌ನಲ್ಲೂ ಬಂದಿದೆ. ಭಾರತ ತನ್ನ ಪಾವತಿ ವ್ಯವಸ್ಥೆಯನ್ನು ಒಂದೊಂದೇ ದೇಶದೊಂದಿಗೆ ಕೂತು ಮಾತಾಡಿ ಒಯ್ಯುತ್ತಿದೆ, ಒಳ್ಳೆಯದೇ. ಆದರೆ ಪ್ಯಾರಿಸ್ಸಿನಲ್ಲಿ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಲು ಫೋನಿನಲ್ಲಿ ನೆಟ್ ಬೇಕಲ್ಲ! ಹಣ ಸಾಗುವುದಕ್ಕೆ ಕಾಣುವ ಈ ಉತ್ಸಾಹ ಡೇಟಾ ಸಾಗುವುದಕ್ಕೆ ಯಾಕೆ ಇಲ್ಲವೋ. ಲಕ್ಷಗಟ್ಟಲೆ ಭಾರತೀಯರು ದುಡಿಯುವ ಗಲ್ಫ್ ದೇಶಗಳ ಜತೆ, ಸಿಂಗಪುರದ ಜತೆ, ನೆರೆಯ ನೇಪಾಳ, ಶ್ರೀಲಂಕಾ ಜತೆ ಸಗಟು ದರಕ್ಕೆ ಮಿತಿ ಹಾಕುವ ಮಾತುಕತೆ ನಡೆಸಲು ಬೇಕಾದ ಗ್ರಾಹಕಬಲ ನಮ್ಮಲ್ಲಿದೆ. ಇದಕ್ಕೆ ಒಂದು ಒಕ್ಕೂಟವೇ ಬೇಕು ಎನ್ನುವಂತಿಲ್ಲ. ಉಕ್ರೇನ್ ಮತ್ತು ಮಾಲ್ಡೋವಾ ಯುರೋಪಿಯನ್ ಒಕ್ಕೂಟದ ಸದಸ್ಯರಲ್ಲ. 2026ರ ಜನವರಿ 1ರಿಂದ ಎರಡೂ ಅದರ ರೋಮಿಂಗ್ ವಲಯದೊಳಗಿವೆ.